ತಟ್ಟೆಗಳು ಇಳಿದ ಭಾನುವಾರ

ಸೋಲ್ನಾ, ಸ್ವೀಡನ್
೧೭ ನವೆಂಬರ್ ೨೦೨೫

ಮುದ್ದಿನ ನಿಖಿತಾ,

ಅಪ್ಪನ ಅಕ್ಕರೆ, ಅಮ್ಮನ ಮುತ್ತು. ನಿನ್ನ ಪತ್ರ ಬಂದು ಎರಡು ತಿಂಗಳಾಯಿತು. ಮೊಮ್ಮಗಳು ಅನ್ಯಾ ಡಾಗಿಸ್ ಶಿಶುವಿಹಾರಕ್ಕೆ ಹೊರಟು ನಿಂತ ಫೋಟೋ ಫ್ರಿಜ್ಜಿನ ಬಾಗಿಲಲ್ಲೇ ಇದೆ. ಉತ್ತರ ಮಾತ್ರ ಹೊರಡಲಿಲ್ಲ. ನಾಲ್ಕು ಸಲ ಬರೆಯಲು ಕುಳಿತು ಎದ್ದೆ. ಬೇಸರ ಮಾಡಿಕೊಳ್ಳಬೇಡ.

ಇಲ್ಲಿ ಈಗ ಮಧ್ಯಾಹ್ನ ಮೂರಕ್ಕೇ ಹೊತ್ತು ಮುಳುಗುತ್ತದೆ. ನಿವೃತ್ತನಾದವನಿಗೆ ಸಂಜೆಗಳು ಬಹಳ ಉದ್ದ. ಅದಕ್ಕೇ ಒಂದು ಹುಚ್ಚು ಹಚ್ಚಿಕೊಂಡೆ. ನಮ್ಮ ಕಟ್ಟಡದ ಕೆಳಗಿನ ಸಭಾಕೋಣೆಯಲ್ಲಿ ಭಾನುವಾರ ಸಿನಿಮಾ ತೋರಿಸುತ್ತೇನೆಂದು ಲಿಫ್ಟಿನ ಪಕ್ಕ ಚೀಟಿ ಅಂಟಿಸಿದೆ. ಯಾವ ಸಿನಿಮಾ ಎಂದು ನಿನಗೆ ಹೇಳಬೇಕಿಲ್ಲ. ನಿನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ನೋಡುತ್ತಿದ್ದೆನಲ್ಲ, ಅಂಥದ್ದೇ: ಕಪ್ಪುಬಿಳುಪು ಆಕಾಶ, ಹಾರುವ ತಟ್ಟೆಗಳು, ಕೈಚೀಲ ಬಿಸುಟು ಓಡುವ ಜನ.

"ಆ ಹಳೇ ತಟ್ಟೆ ಪಿಕ್ಚರ್ ನೋಡೋಕೆ ಯಾರ್ ಬರ್ತಾರ್ರೀ?" ಎಂದಳು ಅಮ್ಮ. ಹಾಗೆಂದವಳೇ ಇಲ್ಲಿನವರು 'ಫೀಕಾ' ಎನ್ನುವ ಕಾಫಿ ವಿರಾಮಕ್ಕೆ ಜೊತೆಯಾಗಲೆಂದು ಕೋಡುಬಳೆ ಕರಿದಳು.

ಹನ್ನೊಂದು ಜನ ಬಂದರು! ಏಳು ವರ್ಷದಿಂದ ಲಿಫ್ಟಿನಲ್ಲಿ ತಲೆಯಾಡಿಸಿಯಷ್ಟೇ ಗೊತ್ತಿದ್ದವರು ಕೋಟು ಕಳಚಿ ಪಕ್ಕಪಕ್ಕ ಕುಳಿತರು. ತಟ್ಟೆಯನ್ನು ತೂಗುಹಾಕಿದ ದಾರ ಕಂಡಾಗ ಎಲ್ಲರೂ ನಕ್ಕರು. ಆಮೇಲೆ ಅದರ ಬಾಗಿಲು ತೆರೆದು ಬೆಳಕು ಚೆಲ್ಲಿತು ನೋಡು, ಯಾರೂ ನಗಲಿಲ್ಲ. ದಾರ ಕಾಣುತ್ತಲೇ ಇತ್ತು, ಆದರೂ ನಂಬಿದೆವು. ಕಿಟಕಿಯಾಚೆ ವರ್ಷದ ಮೊದಲ ಹಿಮ ಸದ್ದಿಲ್ಲದೆ ಇಳಿಯುತ್ತಿತ್ತು. ತೆರೆಯ ಬೆಳಕು ಯಾವುದು, ಹಿಮದ ಬೆಳಕು ಯಾವುದು ತಿಳಿಯದೆ, ಇಡೀ ಕಟ್ಟಡವೇ ಮೆಲ್ಲಗೆ ತೇಲುತ್ತಿದೆ ಅನ್ನಿಸಿತು ನನಗೆ.

ಮೂರನೇ ಮಹಡಿಯ ಗುನಿಲ್ಲಾ, ಎಂಬತ್ತೆರಡು ವರ್ಷದವರು, ನನ್ನ ಮಣಿಕಟ್ಟು ಹಿಡಿದುಕೊಂಡೇ ಕೊನೆಯವರೆಗೆ ನೋಡಿದರು. ಇಷ್ಟು ಕಾಲವಾದರೂ ಇಂಥ ಸಿನಿಮಾ ಯಾಕೆ ಹಿಡಿಸುತ್ತದೆ ಎಂದು ಕೇಳಿದೆ. ಸ್ವೀಡಿಷಿನಲ್ಲಿ ನಿಧಾನವಾಗಿ ಹೇಳಿದರು: "ಚಿಕ್ಕವಳಿದ್ದಾಗ ಅಣ್ಣನ ಜೊತೆ ಇಂಥದ್ದೊಂದು ನೋಡಿ, ಆಕಾಶ ನೋಡ್ತಾ ಮನೆಗೆ ನಡೆದು ಬಂದ್ವಿ. ಅವರು ಬಂದೇ ಬಿಡಲಿ ಅನ್ನಿಸ್ತಿತ್ತು. ಬಂದ್ರೆ ನಮ್ಮ ಬೀದಿಯವರೆಲ್ಲ ಬಾಗಿಲು ತೆಗೆದು ಹೊರಗೆ ಬರ್ತಾರಲ್ಲ!"

ಎದುರು ಮನೆಯ ನವ್ಯಾಳ ಆರು ವರ್ಷದ ಮಗಳಿಗೆ ಬೇರೆಯದೇ ಚಿಂತೆ. "ತಾತ, ಭೂಮಿಯವರು ಯಾಕೆ ಫಸ್ಟ್ ಶೂಟ್ ಮಾಡಿದ್ರು? ದೇ ಓನ್ಲಿ ಓಪನ್ಡ್ ದ ಡೋರ್!" ಎಂದಳು. ನಾನು ಅವಳ ಕೈಗೆ ಇನ್ನೊಂದು ಕೋಡುಬಳೆ ಕೊಟ್ಟುಬಿಟ್ಟೆ.

ನೀನು, ನೀರಜ್, ಅನ್ಯಾ ಮೂವರೂ ತಣ್ಣಗಿರಿ. ಅಳಿಯಂದಿರಿಗೆ ನನ್ನ ನೆನಪು ಹೇಳು. ಮಗುವಿನ ನೆತ್ತಿಯ ಮೇಲೆ ನನ್ನ ಕೈ ಸದಾ ಇದೆ ಎಂದುಕೋ.

ನಿನ್ನ ಅಪ್ಪ,
ಲಿಂಗರಾಜ

ಮತ್ತೊಂದು ಮಾತು: ಡಾಗಿಸ್‌ನಲ್ಲಿ ಯಾರೋ ಅನ್ಯಾಳ ಮೈಬಣ್ಣ ಅಣಕಿಸಿದಾಗ ನೀನು ಅಂದೇ ರಜೆ ಹಾಕಿ ಹೋಗಿ ಮಾತಾಡಿದ್ದಾಗಿ ಬರೆದಿದ್ದೆ. ಆ ಸಾಲು ದಾಟಲು ನನಗೆ ಎರಡು ತಿಂಗಳು ಬೇಕಾಯಿತು. ನಾವು ಗೋಥೆನ್‌ಬರ್ಗ್‌ಗೆ ಬಂದ ಮೊದಲ ವರ್ಷ, ನಿನಗೆ ಏಳು. ತರಗತಿಯ ಮಕ್ಕಳು 'ಬೇರೆ ಗ್ರಹದವಳು' ಎಂದು ಕೂಗಿ ನಿನ್ನ ಟೋಪಿಯನ್ನು ಕೆಸರಿಗೆ ಎಸೆದರು. ನಿನ್ನ ಕೈ ಹಿಡಿದು ಶಾಲೆಗೆ ಬಂದೆ. ಏನಾಯಿತೆಂದು ಟೀಚರ್ ಕೇಳಿದರೆ, "ಏನಿಲ್ಲ, ಮಕ್ಕಳಾಟ" ಎಂದು ನಕ್ಕೆ. ವರ್ಕ್ ಪರ್ಮಿಟ್ ನವೀಕರಣಕ್ಕೆ ಕಾಯುತ್ತಿದ್ದೆ. ಜಗಳಗಂಟನೆಂಬ ಹೆಸರು ಬಂದೀತೆಂದು ಹೆದರಿದ್ದೆ. ವಾಪಸು ಬರುವಾಗ ಟ್ರಾಮಿನಲ್ಲಿ ನೀನು ಬೇರೆ ಸೀಟಿಗೆ ಹೋಗಿ ಕುಳಿತೆ. ಆಮೇಲೆ ಎಂದೂ ನನ್ನ ಜೊತೆ ಸಿನಿಮಾ ನೋಡಲಿಲ್ಲ. ಮಗಳು ದೊಡ್ಡವಳಾದಳು ಎಂದು ನನಗೆ ನಾನೇ ಹೇಳಿಕೊಂಡೆ. ಅದು ಆಟವಾಗಿರಲಿಲ್ಲ, ಪುಟ್ಟೀ. ನನಗೆ ಅವತ್ತೇ ಗೊತ್ತಿತ್ತು.