ನೀನು ನಿಧಾನವಾದದ್ದನ್ನು ನಾನು ಬರೆದುಕೊಂಡೆ

ಗೆಳೆಯಾ ಬಸೂ,

ಕಳೆದ ಶನಿವಾರ ಸಿಡ್ನಿಯಲ್ಲಿ ಆ ಪಂದ್ಯ ಆಡಿ ಬಂದೆವು. ನೀನು ಆಡಬೇಕಾಗಿದ್ದ, ನಿನ್ನ ಜಾಗಕ್ಕೆ ನಾನು ನುಗ್ಗಿದ್ದ ಅದೇ ಪಂದ್ಯ. ನೀನು ಹೋದ ಮೇಲೆ ನಮ್ಮ ಕೋಚ್ ಡ್ಯಾರನ್ ಅದನ್ನು ಮುಂದಕ್ಕೆ ಹಾಕಿಸಿದ್ದ. ಎಂಟು ತಿಂಗಳಾದ ಮೇಲೆ ಈಗ ನಡೆಯಿತು. ಬಂದಾಗಿನಿಂದ ನನಗೆ ಒಂದು ಕಡೆ ಕೂತುಕೊಳ್ಳಲು ಆಗುತ್ತಿಲ್ಲ. ಶಾಲೆಯಲ್ಲಿ ಬೋರ್ಡಿನ ಮೇಲೆ ಲೆಕ್ಕವನ್ನು ಅರ್ಧಕ್ಕೇ ಬಿಟ್ಟು ಕಿಟಕಿಯ ಹತ್ತಿರ ಹೋಗಿ ನಿಂತಿರುತ್ತೇನೆ. ಮನೆಯಲ್ಲಿ ಚಹಾ ಮಾಡಿಕೊಂಡು ಕುಡಿಯುವುದನ್ನೇ ಮರೆಯುತ್ತೇನೆ. ಈ ಪತ್ರವನ್ನೂ ಮೂರು ಸಲ ಶುರು ಮಾಡಿ ಹರಿದು ಹಾಕಿದೆ. ಆದರೆ ನಾಳೆ ಬೆಳಿಗ್ಗೆಗೆ ಮುಂಚೆ ನಿನಗೆ ಹೇಳಲೇಬೇಕಾದದ್ದು ಒಂದಿದೆ.

ನಿನ್ನನ್ನು ಮೊದಲು ಕಂಡ ಸಂಜೆ ನೆನಪಾಗುತ್ತದೆ. ಮೆಲ್ಬರ್ನ್‌ನ ಪಶ್ಚಿಮ ತುದಿಯ ಪಾಯಿಂಟ್ ಕುಕ್‌ಗೆ ಮನೆ ಬದಲಾಯಿಸಿದ ಹೊಸತು, ನಾನು ಮೈದಾನದ ಸುತ್ತ ಓಡುತ್ತಿದ್ದೆ. ಭುಜಕ್ಕೆ ಪ್ಯಾಡು, ತಲೆಗೆ ಹೆಲ್ಮೆಟ್ಟು ಹಾಕಿಕೊಂಡ ಇಪ್ಪತ್ತು ಜನ ಅಮೆರಿಕನ್ ಫುಟ್‌ಬಾಲ್ ಅಭ್ಯಾಸ ಮಾಡುತ್ತಿದ್ದರು. ಎಲ್ಲರಿಗಿಂತ ಒಂದು ಗೇಣು ಎತ್ತರದವನೊಬ್ಬ ಚೆಂಡು ಕೈಬಿಟ್ಟ. ಬಿಟ್ಟು ತನ್ನ ಕೈಗಳನ್ನೇ ನೋಡಿಕೊಂಡು, "ಹಿಡ್ಯಾಕ ಬರಂಗಿಲ್ಲಂದ್ರ ಮನ್ಯಾಗ ಕುಂಡ್ರಬೇಕಲೇ" ಎಂದು ತನಗೆ ತಾನೇ ಬೈದುಕೊಂಡ. ಮೆಲ್ಬರ್ನ್‌ನ ಗಾಳಿಯಲ್ಲಿ ಅಂಥ ಹುಬ್ಬಳ್ಳಿ ಮಾತು ಕೇಳಿ ನನ್ನ ಕಾಲು ನಿಂತೇಬಿಟ್ಟಿತು. ಕನ್ನಡದವರಾ ಎಂದು ಕೇಳಿದೆ. ನೀನು ಹೆಲ್ಮೆಟ್ ತೆಗೆದು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದೆ. ಊರು, ಕೆಲಸ, ವೀಸಾ ಏನನ್ನೂ ವಿಚಾರಿಸಲಿಲ್ಲ. ಇಷ್ಟು ಜೋರಾಗಿ ಓಡುವುದನ್ನು ಎಲ್ಲಿ ಕಲಿತಿರಿ ಎಂದು ಕೇಳಿದೆ. ಮೈಸೂರಿನ ಕಾಲೇಜಿನಲ್ಲಿ ಖೋ ಖೋ ಆಡುತ್ತಿದ್ದೆ ಎಂದದ್ದೇ ತಡ, ಕೈ ಹಿಡಿದು ಡ್ಯಾರನ್ ಮುಂದೆ ತಂದು ನಿಲ್ಲಿಸಿದೆ. ಒಂದು ವಾರದಲ್ಲಿ ಮಂಜುನಾಥ ಹೋಗಿ ಮಂಜ್ಯಾ ಆಗಿದ್ದೆ.

ಆಟವನ್ನು ನೀನು ನನಗೆ ಕಲಿಸಿದ್ದು ಧೂಳು ಹಿಡಿದ ಕಾರಿನ ಬಾನೆಟ್ ಮೇಲೆ ಬೆರಳಿಂದ ಗೆರೆ ಎಳೆದು. ಇಲ್ಲಿಂದ ಒಬ್ಬ ಚೆಂಡು ಎಸೆಯುತ್ತಾನೆ, ನಾವು ರಿಸೀವರ್‌ಗಳು ಮುಂದಕ್ಕೆ ಓಡಿ ಅದನ್ನು ಹಿಡಿಯಬೇಕು, ಎದುರಿನವನೊಬ್ಬ ನಮಗೆ ಅಂಟಿಕೊಂಡೇ ಬರುತ್ತಾನೆ, ಇಷ್ಟೇ ಎಂದಿದ್ದೆ. ಅಂಟಿಕೊಂಡವನಿಂದ ಬಿಡಿಸಿಕೊಳ್ಳುವುದು ಹೇಗೆ? ಅಲ್ಲಿಂದಲೇ ಶುರುವಾಯಿತಲ್ಲ ನಮ್ಮ ಜಗಳ. ನಾನು ಅವನನ್ನು ಹಿಂದೆ ಬಿಟ್ಟು ಓಡುತ್ತಿದ್ದೆ. ನೀನು ಓಡುವ ಗೋಜಿಗೇ ಹೋಗದೆ ಅವನನ್ನು ಬೆನ್ನಿಗೆ ಹಾಕಿಕೊಂಡು ನಿಂತು, ಅವನ ತಲೆಯ ಮೇಲಿಂದ ಚೆಂಡು ಕಿತ್ತುಕೊಳ್ಳುತ್ತಿದ್ದೆ.

ಭಾನುವಾರ ನಿಮ್ಮ ಮನೆಯಲ್ಲಿ ರೊಟ್ಟಿ ತಿನ್ನುವಾಗಲೂ ಅದೇ ಮಾತು. "ನೋಡಲೇ ಮಂಜ್ಯಾ, ಓಡೂದು ಬೆವರು ಸುರಿಸಿದ್ರ ಬರ್ತೈತಿ. ಎತ್ತರ ಎಲ್ಲಿಂದ ತರ್ತಿ?" ಎನ್ನುತ್ತಿದ್ದೆ ನೀನು. "ಕೈಗೇ ಸಿಗದೇ ಇರೋನ ಮುಂದೆ ನಿನ್ನ ಎತ್ತರ ಇಟ್ಕೊಂಡು ಏನ್ ಮಾಡ್ತೀಯ ಗುರು?" ಎನ್ನುತ್ತಿದ್ದೆ ನಾನು. ಉಪ್ಪಿನ ಡಬ್ಬಿ ನಾನು, ನೀರಿನ ಜಗ್ಗು ನೀನು, ಚಮಚ ಎದುರಿನವನು. ನಿನ್ನ ಹೆಂಡತಿ ಸವಿತಾ ಜಗ್ಗನ್ನು ಎತ್ತಿಕೊಂಡು ಹೋಗುವವರೆಗೂ ಟೇಬಲ್ಲಿನ ಮೇಲೆ ಪಂದ್ಯ ನಡೆಯುತ್ತಿತ್ತು. ಆಕೆ ಒಂದು ದಿನವೂ ಆಟ ನೋಡಲು ಬರಲಿಲ್ಲ. ಯಾರಾದರೂ ನಿನಗೆ ಗುದ್ದುವುದನ್ನು ನೋಡಲಾರೆ ಎನ್ನುತ್ತಿದ್ದರು. ಐದು ವರ್ಷ ಹೀಗೇ ಕಳೆಯಿತು. ಯಾರು ಗೆದ್ದೆವು? ಗೆಲ್ಲುವುದು ಇಬ್ಬರಿಗೂ ಬೇಕಿರಲಿಲ್ಲ ಎಂದುಕೊಂಡಿದ್ದೆ. ನನಗೆ ಬೇಕಿತ್ತು, ಬಸು. ಅದು ಆಮೇಲೆ ಗೊತ್ತಾಯಿತು.

ಸಿಡ್ನಿಯ ಪಂದ್ಯ ಗೊತ್ತಾದ ವಾರ ಡ್ಯಾರನ್ ನನ್ನನ್ನು ಪಕ್ಕಕ್ಕೆ ಕರೆದ. ಹೊರಗಿನ ಅಂಚಿನಲ್ಲಿ ನಿಲ್ಲುವ ಜಾಗ ಒಂದೇ, ನಿಮ್ಮಿಬ್ಬರಲ್ಲಿ ಒಬ್ಬರಿಗೆ ಕೊಡುತ್ತೇನೆ ಎಂದ. ನಾನು ಲೆಕ್ಕದ ಮೇಷ್ಟ್ರಲ್ಲವಾ, ಎಲ್ಲರ ಓಟದ ಸಮಯ ತೆಗೆದು ಕಳಿಸು ಎಂದು ನನ್ನ ಕೈಗೇ ಸ್ಟಾಪ್‌ವಾಚ್ ಕೊಟ್ಟ. ಯಾರಾದರೂ ಹೀಗೆ ಮಾಡುತ್ತಾರಾ? ಸ್ಪರ್ಧೆಗೆ ನಿಂತವನ ಕೈಯಲ್ಲೇ ಗಡಿಯಾರ? ನಾನಾದರೂ ಬೇಡ ಎನ್ನಬಹುದಿತ್ತು. ಅನ್ನಲಿಲ್ಲ.

ನಾಲ್ಕು ವಾರ ಸಮಯ ತೆಗೆದೆ. ಮೊದಲ ವಾರ ನೀನು ಎಂದಿನಂತೆಯೇ ಓಡಿದೆ. ಎರಡನೆಯ ವಾರ ಸ್ವಲ್ಪ ಹಿಂದೆ ಬಿದ್ದೆ. ಮೂರನೆಯ ವಾರ ಇನ್ನೂ ಹಿಂದೆ. ನಾಲ್ಕನೆಯ ವಾರ ಗೆರೆ ದಾಟಿದವನು ಮಂಡಿಗೆ ಕೈ ಊರಿ ತುಂಬಾ ಹೊತ್ತು ತಲೆ ಎತ್ತಲಿಲ್ಲ. ಏನಾಯಿತು ಎಂದು ಕೇಳಿದರೆ ನೀನು ಬೂಟು ಬಿಗಿಯಾಗಿದೆ ಎಂದೆ. ತುಟಿಯ ಬಣ್ಣ ಬೇರೆಯಾಗಿತ್ತು. ಅದು ನನಗೆ ಕಂಡಿತ್ತು, ಬಸು. ಕಂಡಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಆ ಹೊತ್ತಿಗೆ ನನ್ನ ಕಣ್ಣು ಇದ್ದದ್ದು ಅಂಗೈಯಲ್ಲಿದ್ದ ಅಂಕಿಯ ಮೇಲೆ. ಮತ್ತೆ ಆ ಅಂಕಿ ನೋಡಿ ನನಗೆ ಆದದ್ದು... ಖುಷಿ. ಬೇರೆ ಹೆಸರು ಹುಡುಕಿ ಎಂಟು ತಿಂಗಳಾಯಿತು, ಸಿಕ್ಕಿಲ್ಲ. ಸಂಜೆ ಎಲ್ಲರ ಸಮಯವನ್ನೂ ಡ್ಯಾರನ್‌ಗೆ ಕಳಿಸಿದೆ. ಅವನು ಕೇಳದೇ ಇದ್ದ ಒಂದು ಸಾಲನ್ನೂ ಕೊನೆಗೆ ಸೇರಿಸಿದೆ. ಬಸುವಿನ ಕಾಲಲ್ಲಿ ಇನ್ನು ಓಟ ಉಳಿದಿಲ್ಲ, ದೊಡ್ಡ ಮೈ ಇದ್ದರೆ ಸಾಲದು ಎಂದು ಬರೆದೆ.

ಡ್ಯಾರನ್ ನನ್ನ ಹೆಸರು ಓದಿದ ದಿನ ಮೊದಲು ಚಪ್ಪಾಳೆ ತಟ್ಟಿದವನು ನೀನೇ. ನನ್ನ ಬ್ಯಾಗನ್ನೂ ನೀನೇ ಹೊತ್ತು ತಂದು ಕಾರಿನಲ್ಲಿಟ್ಟೆ. ಹೊತ್ತು ತರುವಾಗ ಎರಡು ಸಲ ನಿಂತೆ. ದಾರಿಯಲ್ಲಿ ರಸ್ತೆ ನೋಡುತ್ತಲೇ ಕೇಳಿದೆಯಲ್ಲ, "ಖರೇ ಹೇಳಲೇ, ನಾ ಅಷ್ಟು ಸ್ಲೋ ಆಗೇನೇನು?" ಎಂದು. ಅದು ಜಾಗ ಹೋದವನ ಬೇಸರ ಎಂದುಕೊಂಡೆ. ಈಗ ಅನಿಸುತ್ತದೆ, ನಿನಗೂ ಏನೋ ಭಯ ಶುರುವಾಗಿತ್ತು, ಯಾರಾದರೂ ಹೇಳಲಿ ಎಂದು ಕೇಳಿದ್ದೆ. ನಾನು ನಗುತ್ತಾ, "ವಯಸ್ಸಾಯ್ತು ಗುರು" ಎಂದೆ. ನೀನೂ ನಕ್ಕೆ. ಆ ಒಂದು ಸಲ, ಡಾಕ್ಟರಿಗೆ ತೋರಿಸು ಎಂದು ಎರಡು ಮಾತು ಆಡಿದ್ದರೆ...

ಆಮೇಲಿನ ಮೂರನೇ ವಾರ ನೀನು ರೈಲು ಡಿಪೋದಲ್ಲಿ ಕೆಲಸ ಮಾಡುತ್ತಿದ್ದಾಗ ಮೆಟ್ಟಿಲ ಮೇಲೆ ಕುಸಿದೆ. ಊರಿನ ಇನ್ನೊಂದು ತುದಿಯಲ್ಲಿರುವ ಕ್ಲೇಟನ್‌ನ ಆಸ್ಪತ್ರೆಗೆ ಕರೆದೊಯ್ದರು. ಹೃದಯದ ಸ್ನಾಯು ಬಹಳ ದಿನದಿಂದ ಸೋಲುತ್ತಾ ಬಂದಿದೆ ಎಂದು ಡಾಕ್ಟರು ಹೇಳಿದಾಗ ನಾನೂ ಅಲ್ಲೇ ನಿಂತಿದ್ದೆ. ಎಷ್ಟು ದಿನದಿಂದ ಎಂದು ಸವಿತಾ ಕೇಳಿದರು. ನನ್ನ ಹತ್ತಿರ ವಾರ ವಾರದ ಲೆಕ್ಕ ಇತ್ತು, ಫೋನಿನಲ್ಲೇ ಇತ್ತು, ಆ ಫೋನು ಜೇಬಿನಲ್ಲೇ ಇತ್ತು. ಬಾಯಿ ಬಿಡಲಿಲ್ಲ. ಹನ್ನೊಂದು ದಿನ ನೀನು ಅಲ್ಲಿದ್ದೆ. ದಿನಾ ಶಾಲೆ ಮುಗಿಸಿ ಪಶ್ಚಿಮದಿಂದ ಆ ತುದಿಗೆ ಕಾರು ಓಡಿಸಿಕೊಂಡು ಬರುತ್ತಿದ್ದೆ. ಹೇಳಿಬಿಡೋಣ ಎಂದುಕೊಂಡು ಲಿಫ್ಟ್ ಹತ್ತುತ್ತಿದ್ದೆ. ನೀನು ಸಿಡ್ನಿಯವರ ಆಟದ ಬಗ್ಗೆ ಮಾತು ತೆಗೆಯುತ್ತಿದ್ದೆ. ಕೊನೆಯ ಸಲ, "ಚೆಂಡು ಎದಿಗೆ ಬರೂಮಟ ಕಾಯಬ್ಯಾಡ, ಕೈ ಮುಂದ ಚಾಚಿ ತಗೋ" ಎಂದೆ. ಅದಕ್ಕೂ ಉಸಿರು ಸಾಲಲಿಲ್ಲ ನಿನಗೆ. ಮರುದಿನ ಮಧ್ಯಾಹ್ನ ನಾನು ಪಾಠ ಮಾಡುತ್ತಿದ್ದಾಗ ಸವಿತಾರ ಫೋನು ಬಂತು.

ಅಂದಿನಿಂದ ನನಗೆ ನೆಮ್ಮದಿ ಇಲ್ಲ. ಪರಿಚಯದ ಡಾಕ್ಟರೊಬ್ಬರನ್ನು ಕೇಳಿದೆ, ಒಂದು ತಿಂಗಳು ಮುಂಚೆ ಗೊತ್ತಾಗಿದ್ದರೆ ಉಳಿಯುತ್ತಿದ್ದನಾ ಎಂದು. ಉಳಿಯಬಹುದಿತ್ತು, ಉಳಿಯದೆಯೂ ಇರಬಹುದಿತ್ತು ಎಂದರು. ಇಂಥ ಉತ್ತರ ಇಟ್ಟುಕೊಂಡು ಮನುಷ್ಯ ಏನು ಮಾಡಬೇಕು? ಹೌದು ಎಂದಿದ್ದರೆ ಅತ್ತುಬಿಡುತ್ತಿದ್ದೆ. ಇಲ್ಲ ಎಂದಿದ್ದರೆ ನಿದ್ದೆ ಮಾಡುತ್ತಿದ್ದೆ. ಈ ಸೀಸನ್ನಿನಲ್ಲಿ ನನ್ನ ಓಟವೂ ನಿಧಾನವಾಯಿತು, ಬಸು. ಹೆದರಿ ಓಡಿಹೋಗಿ ಎಲ್ಲ ಪರೀಕ್ಷೆ ಮಾಡಿಸಿದೆ. ಹೃದಯ ಗಟ್ಟಿಯಾಗಿದೆ, ಮೂವತ್ತೆಂಟಾಯಿತು ಅಷ್ಟೇ ಎಂದು ಡಾಕ್ಟರು ನಕ್ಕರು. ಪಾರ್ಕಿಂಗ್‌ನಲ್ಲಿ ಕಾರು ಸ್ಟಾರ್ಟ್ ಮಾಡಲು ಅರ್ಧ ಗಂಟೆ ಬೇಕಾಯಿತು ನನಗೆ.

ಸವಿತಾರಿಗೆ ಹೇಳಿದ್ದು ಹೋದ ತಿಂಗಳು. ಒಣಗಿದ ಬಟ್ಟೆ ಮಡಿಸುತ್ತಾ ಕೂತಿದ್ದರು. ಆ ನಾಲ್ಕು ವಾರದ ಅಂಕಿ, ಡ್ಯಾರನ್‌ಗೆ ಬರೆದ ಸಾಲು, ಕಾರಿನಲ್ಲಿ ಆಡಿದ ಮಾತು, ಒಂದನ್ನೂ ಬಿಡದೆ ಹೇಳಿದೆ. ಬೈಯುತ್ತಾರೆ, ಇನ್ನು ಬರಬೇಡಿ ಎನ್ನುತ್ತಾರೆ ಎಂದು ಕಾದೆ. ಕೈಯಲ್ಲಿದ್ದ ಟವೆಲ್ಲನ್ನು ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು.

"ನಿಮ್ಮ ಕಡೆ ವಾಚ್ ಇತ್ತು, ಮಂಜುನಾಥ ಅವ್ರೇ," ಎಂದರು. "ನಾ ಅವರ ಜೋಡಿ ಒಂದ ಮನ್ಯಾಗ ಇದ್ದೆ. ಮ್ಯಾಲಿನ ರೂಮಿಗೆ ಹೋಗೂಮುಂದ ನಡುವ ನಿಂತು ಉಸುರು ತಗೋತಿದ್ರು. ದಿನಾ ನೋಡೇನಿ. ಆಟ ಬಿಟ್ರ ಸುಮ್ನ ಮೈ ಬೆಳಿತೈತಿ ಅಂತ ಚ್ಯಾಷ್ಟಿ ಮಾಡೇನಿ."

ಅವರು ನನ್ನನ್ನು ಕ್ಷಮಿಸಲಿಲ್ಲ. ಆ ಮಾತೇ ಬರಲಿಲ್ಲ. ಈಗ ಹೋಗಿ, ಭಾನುವಾರ ಊಟಕ್ಕೆ ಬನ್ನಿ ಎಂದರು. ನಾನು ಭಾನುವಾರ ಹೋದೆ. ರೊಟ್ಟಿ ತಿಂದು ಬಂದೆ.

ಸಿಡ್ನಿಗೆ ಎರಡು ವ್ಯಾನಿನಲ್ಲಿ ಹೊರಟೆವು. ಆ ಊರಿನ ಪಶ್ಚಿಮದ ಒಂದು ಬಡಾವಣೆ, ಬಟಾಬಯಲು, ಬಿಸಿಲು. ನನಗೆ ಅಂಟಿಕೊಂಡವನು ನನಗಿಂತ ಹತ್ತು ವರ್ಷ ಚಿಕ್ಕವನು, ನನ್ನಷ್ಟೇ ಚುರುಕು. ಆಟದ ನಾಲ್ಕು ಭಾಗಗಳಲ್ಲಿ ಮೂರು ಮುಗಿಯುವವರೆಗೂ ನನ್ನನ್ನು ಅಲುಗಾಡಲು ಬಿಡಲಿಲ್ಲ. ಕೊನೆಗೆ, ನಾವು ಸ್ವಲ್ಪದರಲ್ಲಿ ಹಿಂದಿದ್ದಾಗ, ಒಳಗೆ ತಿರುಗುವವನಂತೆ ನಟಿಸಿ ಹೊರಗೆ ಚಿಮ್ಮಿದೆ. ಅವನು ಜಾರಿದ. ನನ್ನ ಮುಂದೆ ಯಾರೂ ಇರಲಿಲ್ಲ, ಬಸು. ಐದು ವರ್ಷ ನಿನ್ನ ಜೊತೆ ವಾದ ಮಾಡಿದ್ದು ಇಂಥ ಒಂದು ಗಳಿಗೆಗೇ. ಚೆಂಡು ಬಂತು. ಕೊಂಚ ಮೇಲೆ ಬಂತು. ಹಾರಿ ಕೈ ಚಾಚಿದೆ. ಬೆರಳ ತುದಿಗೆ ಸವರಿಕೊಂಡು ಹೊರಗೆ ಹೋಯಿತು. ಆ ಸ್ವಲ್ಪದರಲ್ಲೇ ಸೋತೆವು.

ಗೆರೆಯ ಹೊರಗೆ ಡ್ಯಾರನ್ ನನ್ನ ಹೆಗಲು ತಟ್ಟಿ, ಅದನ್ನು ಯಾರೂ ಹಿಡಿಯಲು ಆಗುತ್ತಿರಲಿಲ್ಲ ಎಂದ. ಒಬ್ಬ ಹಿಡಿಯುತ್ತಿದ್ದ ಎಂದೆ. ಆದರೆ ನೀನು ಅಷ್ಟು ದೂರ ಅವನನ್ನು ಬಿಟ್ಟು ಓಡಿ ಬರುತ್ತಿದ್ದೆಯಾ? ಗೊತ್ತಿಲ್ಲ. ಹಿಂತಿರುಗುವಾಗ ದಾರಿ ಉದ್ದಕ್ಕೂ ಇದನ್ನೇ ಯೋಚಿಸಿದೆ. ನಿನ್ನನ್ನೇ ಕೇಳಿ ಜಗಳವಾಡಬೇಕು ಅನಿಸಿತು. ಊಟಕ್ಕೆ ವ್ಯಾನು ನಿಂತ ಕಡೆ ಡ್ಯಾರನ್‌ಗೂ ಎಲ್ಲ ಹೇಳಿದೆ. ಅವನು ಫೋನು ತೆಗೆದು ನನ್ನ ಆ ಹಳೆಯ ಮೆಸೇಜನ್ನು ಹುಡುಕಿ ಓದಿದ. ತಾನೂ ಅಂಕಿ ನೋಡಿದ್ದೆ, ತಾನೂ ಕೇಳಲಿಲ್ಲ ಎಂದ. ಊಟ ಹಾಗೇ ಬಿಟ್ಟು ಎದ್ದ.

ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಟೀಮು ಮತ್ತೆ ಸೇರುತ್ತದೆ. ಹೊಸಬರು ಎಂಟು ಜನ ಇದ್ದಾರೆ, ನಿನ್ನ ಹೆಸರನ್ನೂ ಕೇಳದವರು. ಓಟದ ಸಮಯ ತೆಗೆಯುವುದಕ್ಕೆ ಮುಂಚೆ ಹತ್ತು ನಿಮಿಷ ನನಗೆ ಕೊಡು ಎಂದು ಡ್ಯಾರನ್‌ನನ್ನು ಕೇಳಿದ್ದೇನೆ. ನೀನು ಯಾರು, ಹೇಗೆ ಆಡುತ್ತಿದ್ದೆ, ನೀನು ನಿಧಾನವಾದಾಗ ನಾನು ಏನು ಮಾಡಿದೆ ಎಂದು ಅವರ ಮುಂದೆ ನಿಂತು ಹೇಳುತ್ತೇನೆ. ಪಕ್ಕದವನು ಏದುಸಿರು ಬಿಟ್ಟರೆ ಅವನ ಜಾಗದ ಬಗ್ಗೆ ಯೋಚಿಸಬೇಡಿ, ಅವನನ್ನು ಕೂರಿಸಿ ವಿಚಾರಿಸಿ ಎನ್ನುತ್ತೇನೆ. ಅವರು ನನ್ನ ಬಗ್ಗೆ ಏನಾದರೂ ಅಂದುಕೊಳ್ಳಲಿ. ಇದು ನಿನಗೆ ನಾನು ಕೊಡುವ ಮಾತು.

ಇವತ್ತು ಮಧ್ಯಾಹ್ನ ಸವಿತಾರಿಗೆ ಫೋನ್ ಮಾಡಿ ಇದನ್ನು ತಿಳಿಸಿದೆ. ನಿಮ್ಮ ಮನೆಯ ವಿಷಯ ಏನೂ ಆಡುವುದಿಲ್ಲ, ನನ್ನದಷ್ಟೇ ಹೇಳುತ್ತೇನೆ ಎಂದೆ.

"ಗ್ರೌಂಡ್ ಎಲ್ಲಿ ಬರ್ತೈತಿ?" ಎಂದು ಕೇಳಿದರು. ಹೇಳಿದೆ.

"ನಾನೂ ಬರ್ತೀನಿ. ನಂದೂ ಒಂದೆರಡು ಮಾತು ಹೇಳೂದೈತಿ."

ನಿನ್ನ,
ಮಂಜ್ಯಾ