ಹಿಂದಕ್ಕೆ ಸರಿದ ಖಾಲಿ ಗಾಡಿ

ಪುಣೆ, ಬುಧವಾರ

ತಮ್ಮ ಸಕ್ರಪ್ಪನಿಗೆ ಆಶೀರ್ವಾದ. ನಿನ್ನ ಮಗಳು ವಿದ್ಯಾಶ್ರೀಯನ್ನು ಕೆಲಸ ಬಿಡಿಸಿ, ಮದುವೆಗೆ ಎಳೆದು ತರಲೆಂದೇ ಬಂದೆನಲ್ಲ, ಇವತ್ತು ಆ ಕೆಲಸ ನೋಡಿದೆ. ದೊಡ್ಡ ಗೋದಾಮಿನ ತುಂಬ ಆಳಿಲ್ಲದೆ ಓಡಾಡುವ ಗಾಡಿಗಳು. ಅವಕ್ಕೆ ಓಡಾಟ ಕಲಿಸುವುದೇ ಇವಳ ಕೆಲಸ. ಹಮಾಲರು ಗಾಡಿ ತಳ್ಳಿದ, ಡಿಕ್ಕಿ ಹೊಡೆದು ಬಡಿದಾಡಿದ ಹಳೆಯ ವಿಡಿಯೊಗಳಿಂದಲೇ ಅವು ಕಲಿತವಂತೆ. ಗೋದಾಮಿಗೆ ಇಳಿದದ್ದು ಇವತ್ತೇ ಮೊದಲು. ಒಂದು ಡಿಕ್ಕಿಯಾದರೂ ಇವಳ ಕೆಲಸ ಬಂದ್. ಆಗಲಿ, ಹುಡುಗಿ ಮನೆಗೆ ಬರುತ್ತಾಳೆ ಎಂದು ನಾನು ಕಾಯುತ್ತ ನಿಂತೆ.

ಇಕ್ಕಟ್ಟಿನ ಸಂದಿಯಲ್ಲಿ ಎರಡು ಗಾಡಿ ಎದುರುಬದುರಾದವು. ನನಗೆ ತಡೆಯಲಾಗದೆ ಒದರಿಬಿಟ್ಟೆ: "ಏ ಖಾಲಿ ಗಾಡಿ, ಹಿಂದಕ್ಕ ಸರಿಲೇ! ಹೇರಿನ ಗಾಡಿ ಬರಾಕತ್ತೈತಿ!"

"ದೊಡ್ಡಪ್ಪಾ, ಅದಕ್ಕ ಕಿವಿ ಇಲ್ಲ," ಎಂದು ವಿದ್ಯಾಶ್ರೀ ನಕ್ಕಳು.

ಅಷ್ಟರಲ್ಲಿ ಖಾಲಿ ಗಾಡಿ ತಾನೇ ಸರಿದಿತ್ತು. ಅದರ ಹಿಂದಿನವೂ ಸರಿದು ಜಾಗ ಕೊಟ್ಟವು. ತುಂಬಿದ ಚಕ್ಕಡಿಗೆ ಖಾಲಿ ಚಕ್ಕಡಿ ದಾರಿ ಬಿಡುವ ನಮ್ಮ ಅಡರಕಟ್ಟಿಯ ರಿವಾಜು, ಯಾರೂ ಹೇಳದೆ! ಜಗಳ ನೋಡಿ ಜಗಳವಾಡದಿರುವುದನ್ನು ಕಲಿತಿವೆಯಲ್ಲೋ! ಇದನ್ನು ಕಲಿಸಿದವಳನ್ನು ಎಳೆದು ತರುವ ಮಾತು ನಾನು ಎತ್ತಲೇ ಇಲ್ಲ.

ಮೊಣಕಾಲು ನೋವು ಕಡಿಮೆ ಇದೆ. ಶುಕ್ರವಾರದ ರೈಲಿಗೆ ನಾನೊಬ್ಬನೇ ಬರುತ್ತೇನೆ. ಮುಂಡರಗಿಯ ಗಂಡಿನವರಿಗೆ ಕಾಯಬೇಡಿರೆಂದು ಹೇಳಿಬಿಡು. ಬೈಯುವುದಿದ್ದರೆ ನನ್ನನ್ನು ಬೈ, ಅವಳಿಗೆ ಫೋನ್ ಹಚ್ಚಬೇಡ.

ಕಳಕಪ್ಪ