ಒಂದೇ ಟಿಸಿ, ಒಂಬತ್ತು ಮೋಟಾರು

ಫೆಬ್ರವರಿ 10, ಸೋಮವಾರ

ಬೆಳಿಗ್ಗೆಯಿಂದ ಎರಡು ಮೋಟಾರು ಬಿಚ್ಚಿದ್ದಾಯಿತು. ಕೈಗೆಲ್ಲ ವಾರ್ನಿಶ್ ವಾಸನೆ. ಕಾಯಿಲ್ ಸುತ್ತುವಾಗ ಅಬ್ಬಾ ಮಾತಾಡುವುದಿಲ್ಲ. ಮದ್ದೂರಿನ ಅಷ್ಟೂ ಗದ್ದಲದ ಮಧ್ಯೆ ನಮ್ಮ ವೈಂಡಿಂಗ್ ಅಂಗಡಿಯೊಂದು ಆಗ ಮಸೀದಿಯಷ್ಟು ತಣ್ಣಗಿರುತ್ತದೆ. ನನಗೂ ಬೋರ್ಡಿನ ಕೆಲಸಕ್ಕೆ ಹೊತ್ತು ಸಿಗುತ್ತದೆ.

ಕೊಪ್ಪದ ಪೆಟ್ಟಿಗೆ ಮತ್ತೆ ಕೈಕೊಟ್ಟಿದೆ. ಅಲ್ಲಿ ಒಂದೇ ಟಿಸಿ ಮೇಲೆ (ಅದನ್ನು ಟ್ರಾನ್ಸ್‌ಫಾರ್ಮರ್ ಅನ್ನುವುದು ನಮ್ಮ ಡಿಪ್ಲೊಮಾ ಮೇಷ್ಟ್ರು ಮಾತ್ರ) ಒಂಬತ್ತು ರೈತರ ಒಂಬತ್ತು ಮೋಟಾರು. ಹೊನ್ನಯ್ಯನವರ ಪಂಪ್‌ಹೌಸಿನಲ್ಲಿ ಆ ಪೆಟ್ಟಿಗೆ, ಒಳಗೆ ಬೆಂಕಿಪೊಟ್ಟಣದಷ್ಟು ನನ್ನ ಬೋರ್ಡು, ಅಲ್ಲಿಂದ ಒಂಬತ್ತು ಸ್ಟಾರ್ಟರಿಗೂ ವೈರು. ಮನೆಯಲ್ಲಿ ಕೂತು ಫೋನಿನಲ್ಲಿ ‘ಆನ್’ ಒತ್ತಿದರೆ ಗದ್ದೆಯಲ್ಲಿ ಮೋಟಾರು ಓಡಬೇಕು. ಆದರೆ ತ್ರೀ ಫೇಸ್ ಕರೆಂಟು ಬಂದ ಕೂಡಲೇ ಒಂಬತ್ತು ಜನವೂ ಒಟ್ಟಿಗೇ ಒತ್ತುತ್ತಾರೆ. ಬೋರ್ಡು ಒಬ್ಬರ ಮೋಟಾರು ನೆಟ್ಟಗೆ ಓಡಿತೇ ಅಂತ ನೋಡಿ, ಅವರಿಗೆ ಉತ್ತರ ಕೊಟ್ಟು, ಆಮೇಲೆ ಇನ್ನೊಬ್ಬರ ಕಡೆ ತಿರುಗುತ್ತದೆ. ಅಲ್ಲಿಯ ತನಕ ಉಳಿದವರ ಫೋನಿನಲ್ಲಿ ಚಕ್ರ ಸುತ್ತುತ್ತಲೇ ಇರುತ್ತದೆ. ಸುಮ್ಮನಿರುವ ಜನವೇ ಇವರು? ಮತ್ತೆ ಮತ್ತೆ ಒತ್ತುತ್ತಾರೆ. ಬೋರ್ಡಿಗೆ ತಲೆಕೆಟ್ಟು ರೀಸ್ಟಾರ್ಟ್ ಆಗುತ್ತದೆ.

ಆ ಒಂಬತ್ತರಲ್ಲಿ ಒಬ್ಬರಾದ ಮಂಗಳಮ್ಮನವರ ಫೋನು. "ಏನವ್ವಾ ತಹಸೀನೂ, ನಿನ್ ಪೆಟ್ಗೆ ನಿದ್ದೆ ಒಡೀತಾ ಕೂತದೆ. ನಾನೇ ಓಗಿ ಆನ್ ಮಾಡ್ಕಬಂದೆ."

ಫೆಬ್ರವರಿ 13, ಗುರುವಾರ

ಕೋಡ್ ಪೂರ್ತಿ ಕಿತ್ತುಹಾಕಿ ಅಸಿಂಕ್ ಮಾಡಿದೆ. ಬಸ್‌ಸ್ಟ್ಯಾಂಡ್ ಹೋಟೆಲಿನ ಸಪ್ಲೈಯರ್ ಒಂದು ಟೇಬಲ್ಲಿನ ದೋಸೆ ಬೇಯುವ ತನಕ ಒಲೆ ಮುಂದೆ ನಿಂತಿರುತ್ತಾನಾ? ಎಲ್ಲರ ಆರ್ಡರ್ ತಗೊಂಡು, ಆದದ್ದನ್ನು ಆದ ಹಾಗೆ ತಂದಿಡುತ್ತಾನೆ. ಹಾಗೆ.

ಅಂಗಡಿಯಲ್ಲೇ ಟೆಸ್ಟ್. ಮೋಟಾರಿನ ಬದಲು ಒಂಬತ್ತು ಬಲ್ಬು. ಅಬ್ಬಾ, ಅಮ್ಮಿ, ಪಕ್ಕದ ಅಂಗಡಿಯವರು — ಎಲ್ಲರ ಫೋನಿನಿಂದಲೂ ಒತ್ತಿಸಿದೆ. ಒಂಬತ್ತೂ ಟಕ್ ಅಂತ ಒಂದೇ ಸಲ ಹತ್ತಿಕೊಂಡವು. ಅಬ್ಬಾ ಚಪ್ಪಾಳೆ ತಟ್ಟಿದರು. ನನಗೆ ನನ್ನ ಮೇಲೇ ಪ್ರೀತಿ ಬಂತು.

ಫೆಬ್ರವರಿ 15, ಶನಿವಾರ

ಕರೆಂಟು ಬಂತು. ಕೊಪ್ಪದ ಪೆಟ್ಟಿಗೆಯಲ್ಲಿ ಈಗ ಹೊಸ ಕೋಡ್. ಒಂಬತ್ತು ಜನ ಒತ್ತಿದರು. ಒಂಬತ್ತು ಉತ್ತರ. ಒಂದೇ ಉಸಿರಿಗೆ ಒಂಬತ್ತು ಮೋಟಾರು… ಟಿಸಿಯಲ್ಲಿ ಢಬ್ ಅಂತ ಸದ್ದು. ಮೂರರಲ್ಲಿ ಒಂದು ಫೇಸಿನ ಫ್ಯೂಸು ಹೋಯಿತು. ಉಳಿದವರು ಓಡಿಹೋಗಿ ಆಫ್ ಮಾಡಿಕೊಂಡರು. ಮಂಗಳಮ್ಮನವರದು ದೂರದ ಗದ್ದೆ. ಅವರ ಮೋಟಾರು ಉಳಿದ ಎರಡೇ ಫೇಸಿನಲ್ಲಿ ನರಳಿ ನರಳಿ ಸುಟ್ಟುಹೋಯಿತು. ನಾನು ಅಲ್ಲಿಗೆ ತಲುಪುವ ಹೊತ್ತಿಗೆ ಹೊಗೆ.

ಬಲ್ಬು ಬೇರೆ, ಮೋಟಾರು ಬೇರೆ. ಮೋಟಾರು ಏಳುವಾಗ ಓಡುವಾಗಿನ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ವೈಂಡಿಂಗ್ ಅಂಗಡಿಯ ಮಗಳಿಗೆ ಇದು ಹೊಳೆಯಲಿಲ್ಲ. ಆ ಹಳೇ ಪೆದ್ದು ಕೋಡ್ ಒಂದೊಂದಾಗಿ ಎಬ್ಬಿಸುತ್ತಿತ್ತು, ಅದಕ್ಕೇ ಇಷ್ಟು ದಿನ ಬಚಾವು.

ಟೀ ಅಂಗಡಿ ಮುಂದೆ ಜವರಯ್ಯ. ಅವರದೂ ಅದೇ ಟಿಸಿ. ಮೋಟಾರು ಒಯ್ಯಲು ಬಂದ ಅಬ್ಬಾಗೆ ಕೇಳುವ ಹಾಗೇ ಅಂದರು — "ಮಗ್ಳು ಸುಡ್ತಾಳೆ, ಅಪ್ಪ ಸುತ್ತತಾನೆ. ಒಳ್ಳೆ ಯಾಪಾರ ಕಣ್ಲಾ ಇದು." ಎಲ್ಲರೂ ನಕ್ಕರು.

ಅಬ್ಬಾ ಏನೂ ಕೇಳಿಸದವರ ಹಾಗೆ ಮೋಟಾರನ್ನು ಆಟೋಗೆ ಹಾಕಿಸಿದರು. ದಾರಿಯುದ್ದಕ್ಕೂ ಅದರ ಮೇಲೆ ಕೈ ಇಟ್ಟುಕೊಂಡೇ ಕೂತರು. ಕೊಪ್ಪದ ಕಡೆ ಅಬ್ಬಾನ ಹೆಸರಿಗೆ, ನಿಜಾಮುದ್ದೀನ್ ಸಾಬರ ಹೆಸರಿಗೆ, ಇವತ್ತಿನ ತನಕ ಒಂದು ಕಲೆ ಇರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಫೆಬ್ರವರಿ 22, ಶನಿವಾರ

ಬರೆಯುವ ಮನಸ್ಸೇ ಇರಲಿಲ್ಲ. ಬೇರೆ ಕೆಲಸ ಬದಿಗಿಟ್ಟು ಅಬ್ಬಾ ಆ ಮೋಟಾರನ್ನೇ ಸುತ್ತಿ ಮುಗಿಸಿದರು. ಮಂಗಳಮ್ಮ ಇವತ್ತು ಒಯ್ಯಲು ಬಂದು ಸ್ಟೂಲಿನ ಮೇಲೆ ಕೂತರು.

"ಪೆಟ್ಗೆ ಎಲ್ಲವ್ವಾ?"

"ಬಿಚ್ಕೊಂಡು ಬಂದ್ಬಿಟ್ಟೆ ಮಂಗಳಮ್ಮಾ. ಯಾರಿಗೂ ಬೇಡ್ವಂತೆ."

"ಸುಟ್ಟೋಗಿದ್ದು ಯಾರ್ ಮೋಟ್ರು?"

"ನಿಮ್ಮದು."

"ಅಂಗಾರೆ ಬ್ಯಾಡ ಅನ್ನೋದಾದ್ರೆ ನಾನ್ ಅನ್ಬೇಕು. ಅವ್ರ್ಯಾಕಂದಾರು? ನೆಟ್ಟಗ್ ಮಾಡ್ಕಂಡ್ ಬಾ. ದಿನಾ ಬದುವಿನ್ ಮ್ಯಾಲೆ ನಡ್ಯಕ್ಕೆ ನನ್ ಮಂಡಿ ಕೇಳಕಿಲ್ಲ."

ಅಬ್ಬಾ ತಲೆ ಎತ್ತಲಿಲ್ಲ. "ಇನ್ನೊಂದ್ಸಲ ಸುಟ್ರೆ ಕೊಪ್ಪದೋರ್ ಮುಂದೆ ನಾನ್ ಮಕ ಎತ್ಕಂಡ್ ತಿರ್ಗಂಗಿಲ್ಲ ಕಣಮ್ಮ."

"ಸುಟ್ಟಾಗ ನೋಡವ ಬುಡಿ, ಸಾಬ್ರೇ."

ಅವರು ಹೋದ ಮೇಲೆ ಹಿಂದಿನ ಕೋಣೆಗೆ ಹೋಗಿ ಅತ್ತೆ. ದುಃಖಕ್ಕಲ್ಲ.

ಮಾರ್ಚ್ 4, ಮಂಗಳವಾರ

ರಂಜಾನಿನ ಉಪವಾಸ, ರೋಜಾ. ಹೊಟ್ಟೆ ಖಾಲಿ ಇದ್ದರೆ ತಲೆ ಓಡುತ್ತದೆ ಅಂತ ಅಮ್ಮಿ. ಓಡಿತು.

ಕೇಳಿಸಿಕೊಳ್ಳುವುದೇ ಬೇರೆ, ಎಬ್ಬಿಸುವುದೇ ಬೇರೆ. ಎರಡನ್ನೂ ಬೇರ್ಪಡಿಸಿದೆ. ಯಾರು ಒತ್ತಿದರೂ ಆ ಕ್ಷಣವೇ ಉತ್ತರ — ‘ಕೇಳಿಸಿತು. ನಿಮ್ಮದು ನಾಲ್ಕನೆಯದು.’ ಮೋಟಾರು ಮಾತ್ರ ಒಂದು ಎದ್ದು, ಅದರ ಆಂಪಿಯರ್ ಇಳಿದ ಮೇಲೆಯೇ ಇನ್ನೊಂದು. ಎಷ್ಟು ಸಲ ಒತ್ತಿದರೂ ಸರದಿ ಒಂದೇ. ಒಂದು ಫೇಸ್ ಹೋದರೆ ಎಲ್ಲವೂ ಆಫ್.

ಕಾಯುವುದು ಈ ಜನಕ್ಕೆ ಹೊಸದಲ್ಲ, ನಾಲೆ ನೀರಿಗೆ ಸರದಿ ಕಾದವರು. ಕೂಗಿದ್ದು ಯಾರಿಗೂ ಕೇಳಿಸಲಿಲ್ಲ ಅಂದಾಗ ಮಾತ್ರ ಸಿಟ್ಟು ಬರುತ್ತದೆ. ನನಗೂ ಅಷ್ಟೇ.

ಈ ಸಲ ಬಲ್ಬು ಮುಟ್ಟಲಿಲ್ಲ. ಅಂಗಡಿಯಲ್ಲಿದ್ದ ಮೋಟಾರುಗಳನ್ನೇ ಕಟ್ಟಿ ನೋಡಿದೆವು. ‘ನೋಡಿದೆವು’ — ಅಬ್ಬಾ ತಾವಾಗಿಯೇ ಕರೆಂಟು ಅಳೆಯುವ ಕ್ಲಾಂಪ್ ಮೀಟರ್ ಹಿಡಿದು ಬಂದು ನಿಂತರು.

ಮಾರ್ಚ್ 16, ಭಾನುವಾರ

ಪೆಟ್ಟಿಗೆ ಮತ್ತೆ ಕೊಪ್ಪದಲ್ಲಿದೆ. ಮೊದಲು ಒತ್ತಿದ್ದು ಮಂಗಳಮ್ಮ, ಆಮೇಲೆ ಹೊನ್ನಯ್ಯ, ಆಮೇಲೆ ಒಬ್ಬೊಬ್ಬರೇ. ಈಗ ಎಂಟು ಜನ. ಫ್ಯೂಸು ಹೋಗಿಲ್ಲ. ಇಫ್ತಾರ್‌ಗೆ ಅಂತ ಮಂಗಳಮ್ಮ ಬಸ್ಸಿನಲ್ಲಿ ಎಳನೀರು ಕಳಿಸಿದ್ದರು. ಸಿಹಿ ಅಂದರೆ ಸಿಹಿ.

ಜವರಯ್ಯ ಮಾತ್ರ ನಡೆದೇ ಹೋಗುತ್ತಾರೆ. ಅವರ ಸ್ಟಾರ್ಟರಿಗೆ ನಮ್ಮ ವೈರು ಇನ್ನೂ ಇದೆ, ಫೋನಿನಲ್ಲಿ ‘ಆನ್’ ಒತ್ತುವ ಪೇಜೂ ಇದೆ. ಒತ್ತುವುದಿಲ್ಲ. ಅಬ್ಬಾ ದಿನಾ ನಾನು ನೋಡುತ್ತಿಲ್ಲ ಅಂದುಕೊಂಡು ನನ್ನ ಫೋನಿನಲ್ಲಿ ಆ ಪೇಜ್ ತೆರೆಯುತ್ತಾರೆ. ಎಂಟು ಹೆಸರು ಓದಿ, ಕೆಳಗಿಟ್ಟು, ಸುತ್ತಲು ಕೂರುತ್ತಾರೆ. ಆ ಟೀ ಅಂಗಡಿ ಮುಂದೆ ಸ್ಕೂಟಿ ನಿಲ್ಲಿಸಬೇಡ ಅನ್ನುತ್ತಾರೆ ಈಗಲೂ.

ಮಾರ್ಚ್ 19, ಬುಧವಾರ. ಸಂಜೆ

ಕರೆಂಟು ಬಂತು. ಪೇಜ್ ತೆರೆದಿಟ್ಟುಕೊಂಡೇ ಬರೆಯುತ್ತಿದ್ದೇನೆ. ಹೆಸರುಗಳು ದಬದಬ ಬಿದ್ದವು. ಹೊನ್ನಯ್ಯನವರದು ಓಡಿತು. ಮಂಗಳಮ್ಮನವರದು ಓಡಿತು. ಮೂರನೆಯದು…

ಇರು. ಕೆಳಗೆ ಇನ್ನೊಂದು ಸಾಲು.

ಜವರಯ್ಯ. ಒಂಬತ್ತನೆಯದು.

ಒತ್ತಿದ್ದಾರೆ. ಮತ್ತೆ ಒತ್ತಿದರು. ಬೋರ್ಡು ಅದೇ ಉತ್ತರ ಕೊಟ್ಟಿತು. ಮತ್ತೆ ಒತ್ತಿದರು. ನಗು ತಡೆಯಲಾಗುತ್ತಿಲ್ಲ. ಆರು ಓಡುತ್ತಿವೆ. ಏಳು. ಅಬ್ಬಾ ಹಿಂದೆ ನಮಾಜಿಗೆ ಕೈಕಾಲು ತೊಳೆಯುತ್ತಿದ್ದಾರೆ. ಕೂಗಿದೆ. ಒದ್ದೆ ಕೈಯಲ್ಲೇ ಬಂದು ನನ್ನ ಹೆಗಲ ಹಿಂದೆ ನಿಂತಿದ್ದಾರೆ, ಪುಸ್ತಕದ ಮೇಲೆ ನೀರು ತೊಟ್ಟಿಕ್ಕುತ್ತಿದೆ. ಎಂಟು. ಈಗ ಅವರದೇ. ಆಂಪಿಯರ್ ಏರಿತು… ಏರಿತು… ಅಬ್ಬಾ ನನ್ನ ಭುಜ ಬಿಗಿಯಾಗಿ ಹಿಡಿದಿದ್ದಾರೆ, ಇಳಿಯಿತು. ಒಂಬತ್ತು.